ಡಾ. ಪ್ಯಾಪ್: ಗಾಜಿನ ಸ್ಲೈಡಿನ ಮುಂದೆ ಒಂದು ಜೀವಮಾನ

ಇಂಜಿನಿಯರಿಂಗ್ ಓದೋ ನಮಗೆಲ್ಲ ಒಂದು ಚಟ ಇದೆ. ಮೂರು ಇಂಗ್ಲಿಷ್ ಅಕ್ಷರ ಒಟ್ಟಿಗೆ ಕಂಡರೆ ಸಾಕು, ಅದರ ಫುಲ್ ಫಾರ್ಮ್ ಏನು ಅಂತ ಹುಡುಕ್ತೀವಿ. ಡಯಾಗ್ನಾಸ್ಟಿಕ್ ಸೆಂಟರ್‌ಗಳ ಬೋರ್ಡಿನಲ್ಲಿ, ಹೆಲ್ತ್ ಚೆಕಪ್ ಪ್ಯಾಕೇಜುಗಳ ಪಟ್ಟಿಯಲ್ಲಿ ‘ಪ್ಯಾಪ್ ಟೆಸ್ಟ್’ ಅಥವಾ ‘ಪ್ಯಾಪ್ ಸ್ಮಿಯರ್’ ಅಂತ ಇರುತ್ತೆ, ನೋಡಿರ್ತೀರಿ. ಅದಕ್ಕೆ ಫುಲ್ ಫಾರ್ಮ್ ಇಲ್ಲ ಗೆಳೆಯರೇ. ಅದು ಒಬ್ಬ ಮನುಷ್ಯನ ಹೆಸರಿನ ಮೊದಲ ತುಂಡು. ಪೂರ್ತಿ ಹೆಸರು ಜಾರ್ಜ್ ಪಾಪಾನಿಕೊಲಾವ್. ಉಚ್ಚಾರ ಮಾಡೋಕೆ ಕಷ್ಟ ಅಂತ ಅಮೆರಿಕದ ಡಾಕ್ಟರುಗಳು ‘ಡಾ. ಪ್ಯಾಪ್’ ಮಾಡಿಕೊಂಡರು, ಆಮೇಲೆ ಟೆಸ್ಟಿಗೂ ಅದೇ ಹೆಸರು ಅಂಟಿಕೊಂಡಿತು.

ಗರ್ಭಕಂಠದ ಕ್ಯಾನ್ಸರನ್ನು ಅದು ಕ್ಯಾನ್ಸರ್ ಆಗೋದಕ್ಕೂ ಮುಂಚೆಯೇ ಹಿಡಿಯಬಹುದು ಅಂತ ಜಗತ್ತಿಗೆ ತೋರಿಸಿದವರು ಇವರು. ಆದರೆ ಇವರ ಬದುಕು ‘ಐಡಿಯಾ ಹೊಳೆಯಿತು, ಗೆದ್ದರು’ ಅನ್ನೋ ಥರದ್ದಲ್ಲ. ಮೊದಲ ಸಲ ಇವರು ಇದನ್ನು ಜನರ ಮುಂದೆ ಹೇಳಿದಾಗ ಯಾರೂ ಕಿವಿಗೊಡಲಿಲ್ಲ. ಎರಡನೇ ಸಲ ಹೇಳುವಷ್ಟರಲ್ಲಿ ಹದಿಮೂರು ವರ್ಷ ಕಳೆದಿತ್ತು. ಆ ಹದಿಮೂರು ವರ್ಷದ ಕಥೆಯೇ ನಮ್ಮಂಥ ವಿದ್ಯಾರ್ಥಿಗಳಿಗೆ ಹೆಚ್ಚು ಕೆಲಸಕ್ಕೆ ಬರುವಂಥದ್ದು ಅಂತ ನಮಗೆ ಅನ್ನಿಸುತ್ತೆ.

ಡಾಕ್ಟರ ಮಗ, ಆದರೆ ಪ್ರಾಕ್ಟೀಸ್ ಬೇಡ

ಗ್ರೀಸ್ ದೇಶದ ಎವಿಯಾ ದ್ವೀಪದಲ್ಲಿ ಕಿಮಿ ಅಂತ ಒಂದು ಸಮುದ್ರ ತೀರದ ಊರು. ಅಲ್ಲಿ 1883ರ ಮೇ 13ರಂದು ಜಾರ್ಜ್ ಹುಟ್ಟಿದರು. ಅಪ್ಪ ನಿಕೊಲಾಸ್ ಆ ಊರಿನ ಡಾಕ್ಟರು. ಮಗನೂ ಅದೇ ದಾರಿ ಹಿಡಿಯಲಿ ಅನ್ನೋದು ಅವರ ಆಸೆ. ನಮ್ಮ ಮನೆಗಳಲ್ಲಿ ಪಿಯುಸಿ ಮುಗಿದ ತಕ್ಷಣ ನಡೆಯೋ ಮಾತುಕತೆ ಅಲ್ಲೂ ನಡೆದಿರಬೇಕು ಬಿಡಿ. ಹುಡುಗನಿಗೆ ಸಂಗೀತ ಇಷ್ಟ, ಪಿಟೀಲು ಕಲಿತಿದ್ದ. ಆದರೂ ಅಥೆನ್ಸ್ ವಿಶ್ವವಿದ್ಯಾಲಯಕ್ಕೆ ಸೇರಿ 1904ರಲ್ಲಿ, 21ನೇ ವಯಸ್ಸಿಗೆ, ಒಳ್ಳೆಯ ಅಂಕಗಳೊಂದಿಗೆ ವೈದ್ಯ ಪದವಿ ಪಡೆದ.

ಸೈನ್ಯದಲ್ಲಿ ಸಹಾಯಕ ವೈದ್ಯನಾಗಿ ಸೇವೆ ಮುಗಿಸಿ ಊರಿಗೆ ಬಂದ ಜಾರ್ಜ್, ಕಿಮಿಯ ಹೊರಗೆ ಬೇರೆಯಾಗಿ ಇಟ್ಟಿದ್ದ ಕುಷ್ಠರೋಗಿಗಳ ಚಿಕಿತ್ಸೆ ನೋಡಿಕೊಂಡರು. ಆದರೆ ಮನಸ್ಸು ಬೇರೆ ಕಡೆ ಎಳೀತಿತ್ತು. ಕಾಯಿಲೆ ವಾಸಿ ಮಾಡೋದಕ್ಕಿಂತ ಜೀವ ಹೇಗೆ ಕೆಲಸ ಮಾಡುತ್ತೆ ಅನ್ನೋ ಪ್ರಶ್ನೆ ಅವರಿಗೆ ದೊಡ್ಡದಾಗಿ ಕಾಣ್ತಿತ್ತು. ಅಪ್ಪನನ್ನು ಹೇಗೋ ಒಪ್ಪಿಸಿ 1907ರಲ್ಲಿ ಜರ್ಮನಿಗೆ ಹೊರಟರು. ಯೇನಾದಲ್ಲಿ ಅರ್ನ್ಸ್ಟ್ ಹೆಕೆಲ್, ಫ್ರೈಬುರ್ಗ್‌ನಲ್ಲಿ ಆಗಸ್ಟ್ ವೈಸ್‌ಮನ್, ಮ್ಯೂನಿಕ್‌ನಲ್ಲಿ ರಿಚರ್ಡ್ ಹರ್ಟ್‌ವಿಗ್, ಹೀಗೆ ಆ ಕಾಲದ ದೊಡ್ಡ ಜೀವಶಾಸ್ತ್ರಜ್ಞರ ಹತ್ತಿರ ಕಲಿತರು. 1910ರಲ್ಲಿ ಮ್ಯೂನಿಕ್‌ನಿಂದ ಡಾಕ್ಟರೇಟ್ ಬಂತು. ವಿಷಯ ಏನು ಗೊತ್ತಾ? ಡಾಫ್ನಿಯಾ ಜಾತಿಯ, ಕೆರೆ ನೀರಿನಲ್ಲಿ ಇರೋ ಪುಟ್ಟ ಜೀವಿಗಳಲ್ಲಿ ಮರಿ ಹೆಣ್ಣಾಗುತ್ತೋ ಗಂಡಾಗುತ್ತೋ ಅನ್ನೋದು ಹೇಗೆ ತೀರ್ಮಾನ ಆಗುತ್ತೆ ಅಂತ. ಕ್ಯಾನ್ಸರಿಗೂ ಇದಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ.

ಅದೇ ವರ್ಷ ಆಂಡ್ರೊಮಾಕಿ ಮಾವ್ರೊಯೆನಿ ಅನ್ನೋರ ಜೊತೆ ಮದುವೆ ಆಯಿತು. ನಂತರ ಎಲ್ಲರೂ ಅವರನ್ನು ಮೇರಿ ಅಂತ ಕರೆದರು. ಈ ಹೆಸರು ನೆನಪಿಟ್ಟುಕೊಳ್ಳಿ. ಮುಂದೆ ಇವರಿಲ್ಲದೆ ಕಥೆ ಇಲ್ಲ.

ಮೊನಾಕೊದ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಸ್ವಲ್ಪ ಕಾಲ ಕೆಲಸ, ಅಲ್ಲಿನ ರಾಜಕುಮಾರ ಆಲ್ಬರ್ಟ್‌ನ ಹಡಗಿನಲ್ಲಿ 1911ರಲ್ಲಿ ಒಂದು ಸಂಶೋಧನಾ ಯಾತ್ರೆ. ಆಮೇಲೆ 1912ರಲ್ಲಿ ಬಾಲ್ಕನ್ ಯುದ್ಧ ಶುರುವಾಗಿ ಮತ್ತೆ ಸೈನ್ಯದ ವೈದ್ಯಕೀಯ ದಳಕ್ಕೆ. ಅಲ್ಲಿ ಅಮೆರಿಕದಿಂದ ಬಂದಿದ್ದ ಗ್ರೀಕ್ ಸ್ವಯಂಸೇವಕರ ಪರಿಚಯ ಆಯಿತು. ಅಲ್ಲಿ ಅವಕಾಶ ಚೆನ್ನಾಗಿದೆ ಅಂತ ಅವರು ಹೇಳಿದ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಡಾಕ್ಟರೇಟ್ ಇದ್ದವನು ಅಂಗಡಿಯಲ್ಲಿ ಸೇಲ್ಸ್‌ಮನ್

1913ರ ಅಕ್ಟೋಬರ್‌ನಲ್ಲಿ ಗಂಡ ಹೆಂಡತಿ ನ್ಯೂಯಾರ್ಕ್‌ಗೆ ಬಂದು ಇಳಿದಾಗ ಕೈಯಲ್ಲಿ ಇದ್ದಿದ್ದು ಸುಮಾರು 250 ಡಾಲರ್. ಇಂಗ್ಲಿಷ್ ಬರ್ತಿರಲಿಲ್ಲ. ಗುರುತಿನವರು ಅಂತ ಯಾರೂ ಇರಲಿಲ್ಲ. ಎರಡೆರಡು ಪದವಿ ಇಟ್ಟುಕೊಂಡ ಮನುಷ್ಯ ಗಿಂಬಲ್ಸ್ ಅನ್ನೋ ದೊಡ್ಡ ಅಂಗಡಿಯಲ್ಲಿ ಕಾರ್ಪೆಟ್ ಮಾರೋಕೆ ನಿಂತರು. ಮೇರಿ ಅದೇ ಅಂಗಡಿಯಲ್ಲಿ ವಾರಕ್ಕೆ 5 ಡಾಲರ್ ಸಂಬಳಕ್ಕೆ ಗುಂಡಿ ಹೊಲಿಯೋ ಕೆಲಸಕ್ಕೆ ಸೇರಿದರು. ಜಾರ್ಜ್ ಹೋಟೆಲುಗಳಲ್ಲಿ ಪಿಟೀಲು ನುಡಿಸಿದ್ದೂ, ಗ್ರೀಕ್ ಪತ್ರಿಕೆಯೊಂದರಲ್ಲಿ ಗುಮಾಸ್ತಿಕೆ ಮಾಡಿದ್ದೂ ಉಂಟು. ಪ್ಲೇಸ್‌ಮೆಂಟ್ ಸೀಸನ್‌ನಲ್ಲಿ ಆಫರ್ ಲೆಟರ್ ಬರಲಿಲ್ಲ ಅಂತ ಹಾಸ್ಟೆಲ್ ರೂಮಿನಲ್ಲಿ ಮುಸುಕು ಹಾಕಿ ಮಲಗೋ ನಮ್ಮವರಿಗೆ ಈ ಭಾಗ ಒಂದು ಸಲ ಓದಿ ಹೇಳಬೇಕು.

ಅವರನ್ನು ಅಲ್ಲಿಂದ ಎತ್ತಿದ್ದು ಹಳೆಯ ಥೀಸಿಸ್. ಕೊಲಂಬಿಯಾ ವಿಶ್ವವಿದ್ಯಾಲಯದ ಥಾಮಸ್ ಹಂಟ್ ಮಾರ್ಗನ್, ಅಂದರೆ ಹಣ್ಣುನೊಣದ ಮೇಲೆ ಪ್ರಯೋಗ ಮಾಡಿ ಜೀನ್‌ಗಳು ಕ್ರೋಮೋಸೋಮಿನ ಮೇಲಿವೆ ಅಂತ ತೋರಿಸಿದವರು, ಆ ಡಾಫ್ನಿಯಾ ಕೆಲಸವನ್ನು ಓದಿದ್ದರು. ಅವರ ಸಹಾಯದಿಂದ ನ್ಯೂಯಾರ್ಕ್ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ಒಂದು ಸಣ್ಣ ಕೆಲಸ ಸಿಕ್ಕಿತು. 1914ರಲ್ಲಿ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಅನಾಟಮಿ ವಿಭಾಗಕ್ಕೆ ಬಂದರು. ಮೇರಿ ಕೂಡ ಅದೇ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ನಿಂತರು. ಮುಂದಿನ ಸುಮಾರು ಅರ್ಧ ಶತಮಾನ ಇಬ್ಬರೂ ಒಂದೇ ಲ್ಯಾಬಿನ ಮನುಷ್ಯರು.

ಗಿನಿಪಿಗ್ ಮತ್ತು ಮೂಗು ನೋಡುವ ಉಪಕರಣ

ಕಾರ್ನೆಲ್‌ನಲ್ಲಿ ಚಾರ್ಲ್ಸ್ ಸ್ಟಾಕರ್ಡ್ ಅನ್ನೋ ಪ್ರೊಫೆಸರ್ ಮದ್ಯದ ಪರಿಣಾಮ ಸಂತತಿಯ ಮೇಲೆ ಏನಾಗುತ್ತೆ ಅಂತ ನೋಡೋಕೆ ಗಿನಿಪಿಗ್‌ಗಳನ್ನು ಸಾಕಿದ್ದರು. ಪಾಪಾನಿಕೊಲಾವ್ ಅವುಗಳನ್ನೇ ಬಳಸಿಕೊಂಡು ತಮ್ಮ ಹಳೆಯ ಪ್ರಶ್ನೆಗೆ, ಅಂದರೆ ಲಿಂಗ ನಿರ್ಧಾರದ ವಿಷಯಕ್ಕೆ, ಮರಳಿದರು. ಅದಕ್ಕೆ ಅಂಡಾಣು ಬೇಕು, ಅದೂ ಒಂದು ನಿರ್ದಿಷ್ಟ ಹಂತದಲ್ಲಿ ಇರೋದು ಬೇಕು. ಸಮಸ್ಯೆ ಏನಂದರೆ ಗಿನಿಪಿಗ್ ಯಾವಾಗ ಆ ಹಂತಕ್ಕೆ ಬಂದಿದೆ ಅಂತ ಹೊರಗಿನಿಂದ ಗೊತ್ತಾಗಲ್ಲ. ಪ್ರಾಣಿಯನ್ನು ಕೊಂದು ಅಂಡಾಶಯ ತೆಗೆದು ನೋಡಬೇಕು. ಹಂತ ತಪ್ಪಿದ್ದರೆ ಆ ಪ್ರಾಣಿ ವ್ಯರ್ಥ. ಇನ್ನೊಂದನ್ನು ಕೊಲ್ಲಬೇಕು.

ಮೆಕ್ಯಾನಿಕಲ್, ಸಿವಿಲ್ ಗೆಳೆಯರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಕಾಂಕ್ರೀಟ್ ಕ್ಯೂಬನ್ನು ಒಡೆದರೆ ಬಲ ಗೊತ್ತಾಗುತ್ತೆ, ಆದರೆ ಕ್ಯೂಬ್ ಹೋಯಿತು. ಒಡೆಯದೆ ಒಳಗಿನದ್ದನ್ನು ತಿಳಿಯೋ ದಾರಿ ಬೇಕು. ಪಾಪಾನಿಕೊಲಾವ್ ಹುಡುಕಿದ್ದು ಅದನ್ನೇ. ಹೆಣ್ಣು ಸಸ್ತನಿಗಳಲ್ಲಿ ಋತುಚಕ್ರ ಇದೆ ಅಂದಮೇಲೆ ಗಿನಿಪಿಗ್‌ನಲ್ಲೂ ಏನೋ ಒಂದು ಸ್ರಾವ ಇರಲೇಬೇಕು, ಕಣ್ಣಿಗೆ ಕಾಣದಷ್ಟು ಕಡಿಮೆ ಇರಬಹುದು ಅಷ್ಟೆ ಅಂತ ಯೋಚಿಸಿದರು. ಮನುಷ್ಯರ ಮೂಗನ್ನು ಪರೀಕ್ಷಿಸೋ ಸಣ್ಣ ಸ್ಪೆಕ್ಯುಲಮ್ ಒಂದನ್ನು ಕೊಂಡು ತಂದು, ಅದರ ಸಹಾಯದಿಂದ ಗಿನಿಪಿಗ್‌ನ ಯೋನಿಯ ದ್ರವ ಸ್ವಲ್ಪ ತೆಗೆದು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟರು.

ಅಲ್ಲಿ ತರಾವರಿ ಜೀವಕೋಶಗಳು. ಒಂದು ದಿನ ಒಂದು ಬಗೆ, ಇನ್ನೊಂದು ದಿನ ಇನ್ನೊಂದು ಬಗೆ. ದಿನಾ ನೋಡುತ್ತಾ ಹೋದರೆ ಸುಮಾರು 16 ದಿನಕ್ಕೆ ಚಕ್ರ ಮತ್ತೆ ಮೊದಲಿಗೆ ಬರುತ್ತೆ. ಅಂಡಾಶಯದ ಒಳಗೆ ಏನು ನಡೀತಿದೆ ಅನ್ನೋದನ್ನು ಹೊರಗೆ ಉದುರಿದ ಜೀವಕೋಶಗಳು ಹೇಳುತ್ತಿದ್ದವು. 1917ರಲ್ಲಿ ಸ್ಟಾಕರ್ಡ್ ಜೊತೆ ಈ ಪ್ರಬಂಧ ಪ್ರಕಟವಾಯಿತು. ಆ ಕಾಲದ ಹಾರ್ಮೋನ್ ಸಂಶೋಧಕರಿಗೆ ಇದು ದೊಡ್ಡ ಉಪಕಾರ. ಅಂಡಾಶಯದ ಹಾರ್ಮೋನನ್ನು ಹುಡುಕುವಾಗ ಅದು ಕೆಲಸ ಮಾಡ್ತಿದೆಯೋ ಇಲ್ಲವೋ ಅಂತ ಅಳೆಯೋಕೆ ಇಲಿಗಳಲ್ಲಿ ಇದೇ ಸ್ಮಿಯರ್ ವಿಧಾನ ಬಳಕೆಗೆ ಬಂತು.

ಮೇರಿಯವರ ಪಾಲು

ಗಿನಿಪಿಗ್‌ನಲ್ಲಿ ಆಗೋದು ಮನುಷ್ಯರಲ್ಲೂ ಆಗುತ್ತಾ? ನೋಡೋಕೆ ಒಬ್ಬ ಹೆಂಗಸು ಬೇಕು, ಒಂದು ದಿನಕ್ಕಲ್ಲ, ತಿಂಗಳುಗಟ್ಟಲೆ, ವರ್ಷಗಟ್ಟಲೆ. ಮೇರಿ ಒಪ್ಪಿಕೊಂಡರು. ಸುಮಾರು 21 ವರ್ಷ ಅವರ ಸ್ಯಾಂಪಲ್‌ಗಳನ್ನು ತೆಗೆದು ನೋಡಲಾಯಿತು ಅಂತ ದಾಖಲೆಗಳು ಹೇಳುತ್ತವೆ. ಆರೋಗ್ಯವಂತ ಹೆಂಗಸಿನ ಜೀವಕೋಶ ತಿಂಗಳ ಯಾವ ದಿನ ಹೇಗಿರುತ್ತೆ ಅನ್ನೋ ಜ್ಞಾನದ ದೊಡ್ಡ ಪಾಲು ಒಬ್ಬರ ದೇಹದಿಂದ ಬಂದದ್ದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬೇಸ್‌ಲೈನ್ ಡೇಟಾ ಪೂರ್ತಿ ಮೇರಿಯವರದು. ಸಾಮಾನ್ಯ ಯಾವುದು ಅಂತ ಗೊತ್ತಿಲ್ಲದವನಿಗೆ ಅಸಾಮಾನ್ಯ ಕಂಡರೂ ಗುರುತು ಸಿಗಲ್ಲ ಅಲ್ವಾ?

ದಂಪತಿಗೆ ಮಕ್ಕಳಿರಲಿಲ್ಲ. ಲ್ಯಾಬಿನ ಕೆಲಸ, ಮನೆಯ ಕೆಲಸ, ಜೊತೆಗೆ ಸ್ವತಃ ಪ್ರಯೋಗಕ್ಕೆ ಒಡ್ಡಿಕೊಳ್ಳೋ ಕೆಲಸ, ಮೂರೂ ಮೇರಿಯವರದೇ. ಟೆಸ್ಟಿಗೆ ಗಂಡನ ಹೆಸರು ಬಂತು. ಹೆಂಡತಿಯ ಹೆಸರು ಲೇಖನಗಳ ನಡುವೆ ಎಲ್ಲೋ ಒಂದು ಸಾಲಿನಲ್ಲಿ ಬಂದು ಹೋಗುತ್ತೆ. ಇದನ್ನು ಬರೆಯದೆ ಇವರ ಜೀವನ ಬರೆದರೆ ಅರ್ಧ ಲೆಕ್ಕ ಬಿಟ್ಟ ಹಾಗೆ.

1920ರ ದಶಕದಲ್ಲಿ ಆಸ್ಪತ್ರೆಯ ಇತರ ಹೆಂಗಸರ ಸ್ಲೈಡುಗಳನ್ನೂ ನೋಡೋಕೆ ಶುರು ಮಾಡಿದರು. ಹಾಗೆ ನೋಡುವಾಗ ಗರ್ಭಕಂಠದ ಕ್ಯಾನ್ಸರ್ ಇದ್ದ ಒಬ್ಬ ರೋಗಿಯ ಸ್ಲೈಡಿನಲ್ಲಿ ವಿಚಿತ್ರ ಜೀವಕೋಶಗಳು ಕಂಡವು. ಕೋಶಕೇಂದ್ರ ಊದಿಕೊಂಡಿದೆ, ಅಂಚು ಅಂಕುಡೊಂಕು, ಬಣ್ಣ ಗಾಢ, ಒಂದಕ್ಕೊಂದು ಗಾತ್ರದಲ್ಲಿ ತಾಳೆಯೇ ಇಲ್ಲ. ಮೇರಿಯವರ ಸಾವಿರಾರು ಸ್ಲೈಡುಗಳಲ್ಲಿ ಇಂಥದ್ದು ಒಂದೂ ಇರಲಿಲ್ಲ. ಕ್ಯಾನ್ಸರ್ ಗೆಡ್ಡೆಯಿಂದಲೂ ಜೀವಕೋಶಗಳು ಉದುರುತ್ತವೆ, ಉದುರಿದ್ದನ್ನು ಹೀಗೆ ಸುಲಭವಾಗಿ ಹಿಡಿಯಬಹುದು ಅಂತ ಆಗ ಅವರಿಗೆ ಹೊಳೆಯಿತು. ತಮ್ಮ ಕೆಲಸದ ಬದುಕಿನಲ್ಲಿ ಅತ್ಯಂತ ರೋಮಾಂಚನದ ಗಳಿಗೆಗಳಲ್ಲಿ ಅದೂ ಒಂದು ಅಂತ ಆಮೇಲೆ ನೆನೆಸಿಕೊಂಡಿದ್ದಾರೆ.

1928: ಯಾರೂ ಕೇಳದ ಮಾತು

1928ರ ಜನವರಿಯಲ್ಲಿ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಕ್ಯಾನ್ಸರ್ ಪತ್ತೆಯ ಹೊಸ ವಿಧಾನ ಅಂತ ಪ್ರಬಂಧ ಓದಿದರು. ಜಾಗ ಕೂಡ ಸರಿ ಇರಲಿಲ್ಲ. ಅದು ವೈದ್ಯರ ಸಮ್ಮೇಳನ ಅಲ್ಲ, ‘ಜನಾಂಗ ಸುಧಾರಣೆ’ ಹೆಸರಿನಲ್ಲಿ ಯುಜೆನಿಕ್ಸ್ ವಾದಿಗಳು ನಡೆಸುತ್ತಿದ್ದ ಸಭೆ. ಇಂದು ಆ ಸಭೆಯ ಹೆಸರು ಕೇಳಿದರೆ ಮುಜುಗರ ಆಗುತ್ತೆ, ಆಗಬೇಕು ಕೂಡ. ಪ್ರಬಂಧ ಅಚ್ಚಾದಾಗ ತಪ್ಪುಗಳು ತುಂಬಿದ್ದವು, ಚಿತ್ರಗಳು ಚೆನ್ನಾಗಿ ಬಂದಿರಲಿಲ್ಲ.

ಇದೇ ಹೊತ್ತಿಗೆ ಯುರೋಪಿನಲ್ಲಿ ರೊಮೇನಿಯಾದ ಆರೆಲ್ ಬಾಬೆಷ್ ಅನ್ನೋ ಪೆಥಾಲಜಿಸ್ಟ್, ಪ್ಲಾಟಿನಂ ತಂತಿಯ ಕುಣಿಕೆಯಿಂದ ಗರ್ಭಕಂಠದ ಜೀವಕೋಶ ತೆಗೆದು ಕ್ಯಾನ್ಸರ್ ಗುರುತಿಸೋ ವಿಧಾನವನ್ನು 1927ರಲ್ಲಿ ಬುಖಾರೆಸ್ಟ್‌ನಲ್ಲಿ ಮಂಡಿಸಿ, 1928ರ ಏಪ್ರಿಲ್‌ನಲ್ಲಿ ಫ್ರೆಂಚ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಇಬ್ಬರಿಗೂ ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿದ್ದ ಹಾಗಿಲ್ಲ. ವಿಧಾನಗಳೂ ಬೇರೆ: ಬಾಬೆಷ್ ನೇರ ಗರ್ಭಕಂಠದಿಂದ ತೆಗೆದರು, ಪಾಪಾನಿಕೊಲಾವ್ ಗಾಜಿನ ಪಿಪೆಟ್‌ನಿಂದ ಯೋನಿಯಲ್ಲಿ ಸೇರಿದ ದ್ರವ ಎಳೆದುಕೊಂಡರು. ರೊಮೇನಿಯಾದವರು ಇವತ್ತಿಗೂ ಆ ಟೆಸ್ಟಿಗೆ ಬಾಬೆಷ್ ಹೆಸರನ್ನೂ ಸೇರಿಸಿ ಕರೀತಾರೆ. ಅದು ನ್ಯಾಯವೇ.

ಪೆಥಾಲಜಿಸ್ಟ್‌ಗಳು ಯಾಕೆ ಒಪ್ಪಲಿಲ್ಲ? ಅವರದು ದಡ್ಡತನ ಅಂತ ಹೇಳೋದು ಸುಲಭ. ಆದರೆ ಅವರ ಕಡೆಯೂ ತರ್ಕ ಇತ್ತು. ಅವರು ಕಲಿತದ್ದು ಅಂಗಾಂಶದ ತುಂಡು ತೆಗೆದು, ಅದರ ಕಟ್ಟಡ ಹೇಗಿದೆ, ಗೆಡ್ಡೆ ಪಕ್ಕದ ಪದರಕ್ಕೆ ನುಗ್ಗಿದೆಯೋ ಇಲ್ಲವೋ ಅಂತ ನೋಡಿ ಹೇಳೋದು. ಗೋಡೆಯಿಂದ ಉದುರಿದ ಒಂದು ಇಟ್ಟಿಗೆ ತೋರಿಸಿ ಮನೆ ಬೀಳುತ್ತೆ ಅಂದರೆ ಯಾವ ಸಿವಿಲ್ ಇಂಜಿನಿಯರ್ ನಂಬ್ತಾನೆ? ಅದೂ ಅಲ್ಲದೆ ಗರ್ಭಕಂಠ ಕಣ್ಣಿಗೆ ಕಾಣೋ, ಕೈಗೆ ಸಿಗೋ ಜಾಗ. ಅನುಮಾನ ಬಂದರೆ ಬಯಾಪ್ಸಿ ಮಾಡಿದರೆ ಆಯಿತು, ಈ ಹೊಸ ತಾಪತ್ರಯ ಯಾಕೆ ಅನ್ನೋದು ಅವರ ಪ್ರಶ್ನೆ.

ಅವರು ನೋಡದೇ ಬಿಟ್ಟದ್ದು ಒಂದೇ ವಿಷಯ. ಬಯಾಪ್ಸಿ ಮಾಡೋಕೆ ಮೊದಲು ಅನುಮಾನ ಬರಬೇಕು. ಅನುಮಾನ ಬರೋದು ರಕ್ತಸ್ರಾವವೋ ನೋವೋ ಶುರುವಾದ ಮೇಲೆ. ಅಷ್ಟು ಹೊತ್ತಿಗೆ ಹಲವರಲ್ಲಿ ಕಾಯಿಲೆ ಹರಡಿರುತ್ತೆ. ಏನೂ ತೊಂದರೆ ಇಲ್ಲದೆ ಓಡಾಡಿಕೊಂಡಿರೋ ಹೆಂಗಸಿನಲ್ಲಿ ಹುಡುಕೋದು ಹೇಗೆ? ಬಯಾಪ್ಸಿ ಅದಕ್ಕೆ ಉತ್ತರ ಅಲ್ಲ. ಸ್ಮಿಯರ್ ಉತ್ತರ ಆಗಬಹುದಿತ್ತು. ಆದರೆ 1928ರಲ್ಲಿ ಪಾಪಾನಿಕೊಲಾವ್ ಅವರ ಕೈಯಲ್ಲೂ ಅದನ್ನು ಸಾಬೀತು ಮಾಡೋ ಪುರಾವೆ ಇರಲಿಲ್ಲ. ಕೇಸುಗಳು ಕಡಿಮೆ, ಸ್ತ್ರೀರೋಗ ತಜ್ಞರ ಬೆಂಬಲ ಇಲ್ಲ, ಬೇರೆಯವರು ನೋಡಿ ಕಲಿಯೋಕೆ ಒಳ್ಳೆಯ ಚಿತ್ರ ಇಲ್ಲ. ಐಡಿಯಾ ಸರಿ ಇತ್ತು, ಪ್ರಾಜೆಕ್ಟ್ ರೆಡಿ ಇರಲಿಲ್ಲ. ಡೆಮೊ ಒಂದು ಸಲ ಓಡಿತು ಅಂದಮಾತ್ರಕ್ಕೆ ಪ್ರಾಡಕ್ಟ್ ಆಗಲ್ಲ ಅಂತ ನಮ್ಮ ಗೈಡ್‌ಗಳು ಹೇಳೋದು ಇದಕ್ಕೇ ಇರಬೇಕು.

ಪಾಪಾನಿಕೊಲಾವ್ ಜಗಳಕ್ಕೆ ನಿಲ್ಲಲಿಲ್ಲ. ಹಿಂದಕ್ಕೆ ಹೋಗಿ ಋತುಚಕ್ರದ ಕೆಲಸ ಮುಂದುವರಿಸಿದರು. 1933ರಲ್ಲಿ ಹೆಂಗಸರ ಋತುಚಕ್ರ ಸ್ಮಿಯರ್‌ಗಳಲ್ಲಿ ಹೇಗೆ ಕಾಣುತ್ತೆ ಅನ್ನೋದರ ಬಗ್ಗೆ ದೊಡ್ಡ ಪ್ರಬಂಧ ಹೊರಬಂತು. ಕ್ಯಾನ್ಸರ್ ವಿಷಯ ಸದ್ಯಕ್ಕೆ ಮೂಲೆ ಸೇರಿತು.

ಎರಡನೇ ಪ್ರಯತ್ನ

1939ರಲ್ಲಿ ಸ್ಟಾಕರ್ಡ್ ತೀರಿಕೊಂಡರು. ವಿಭಾಗಕ್ಕೆ ಜೋಸೆಫ್ ಹಿನ್ಸಿ ಅನ್ನೋ ಹೊಸ ಮುಖ್ಯಸ್ಥರು ಬಂದರು. ಮೂಲೆಗೆ ಸೇರಿದ್ದ ಕೆಲಸವನ್ನು ಮತ್ತೆ ಎತ್ತಿಕೊಳ್ಳಿ ಅಂತ ಹುರಿದುಂಬಿಸಿದವರು ಅವರೇ. ಪಾಪಾನಿಕೊಲಾವ್ ಅವರಿಗೆ ಆಗ 56 ವರ್ಷ. ಸ್ತ್ರೀರೋಗ ತಜ್ಞ ಹರ್ಬರ್ಟ್ ಟ್ರಾಟ್ ಜೊತೆಯಾದರು. ನ್ಯೂಯಾರ್ಕ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಸೇರೋ ಪ್ರತಿಯೊಬ್ಬ ಹೆಂಗಸಿಗೂ, ಬಂದ ಕಾರಣ ಏನೇ ಇರಲಿ, ಸ್ಮಿಯರ್ ಮಾಡೋದು ಅಂತ ನಿಯಮ ಆಯಿತು.

1928ರಲ್ಲಿ ಇಲ್ಲದಿದ್ದ ಎಲ್ಲವೂ ಈಗ ಒಂದೊಂದಾಗಿ ಸೇರಿಕೊಂಡವು. ಯಾರಿಗೂ ಅನುಮಾನವೇ ಇರದ ಹೆಂಗಸರಲ್ಲಿ ಕ್ಯಾನ್ಸರ್ ಸಿಕ್ಕಿತು. ಕೆಲವರಲ್ಲಿ ಬರಿಗಣ್ಣಿಗೆ ಏನೂ ಕಾಣದಷ್ಟು ಆರಂಭದ ಹಂತ. ಸ್ಮಿಯರ್ ಹೇಳಿದ್ದನ್ನು ಬಯಾಪ್ಸಿ ಮಾಡಿ ತಾಳೆ ನೋಡಿದರು. ಅಂದರೆ ಹಳೆಯ ವಿಧಾನ ಎದುರಾಳಿ ಆಗಿರೋ ಬದಲು ಹೊಸದಕ್ಕೆ ಸಾಕ್ಷಿ ಆಯಿತು. 1941ರಲ್ಲಿ ಪ್ರಬಂಧ ಬಂತು, 1943ರಲ್ಲಿ ಪುಸ್ತಕ.

ಆ ಪುಸ್ತಕದ ಚಿತ್ರಗಳನ್ನು ಬಿಡಿಸಿದವರು ಹಾಶಿಮೆ ಮುರಾಯಾಮ ಅನ್ನೋ ಜಪಾನ್ ಮೂಲದ ಕಲಾವಿದ. ಮೊದಲು ನ್ಯಾಷನಲ್ ಜಿಯಾಗ್ರಫಿಕ್‌ಗೆ ಮೀನು, ಹಕ್ಕಿಗಳ ಚಿತ್ರ ಬರೆದುಕೊಂಡಿದ್ದವರು. ಅಮೆರಿಕ ಮತ್ತು ಜಪಾನ್ ಯುದ್ಧದಲ್ಲಿದ್ದ ವರ್ಷಗಳಲ್ಲಿ ಗ್ರೀಸ್‌ನಿಂದ ಬಂದ ವಲಸಿಗ, ಜಪಾನ್‌ನಿಂದ ಬಂದ ವಲಸಿಗ ನ್ಯೂಯಾರ್ಕ್‌ನಲ್ಲಿ ಕೂತು ಈ ಕೆಲಸ ಮಾಡಿದರು. ಒಂದೊಂದು ಜೀವಕೋಶದ ಆಕಾರ, ಬಣ್ಣ ಕಣ್ಣಿಗೆ ಕಟ್ಟೋ ಹಾಗಿದ್ದರಿಂದಲೇ ಬೇರೆ ಊರಿನ ಡಾಕ್ಟರುಗಳು ತಮ್ಮ ಸ್ಲೈಡುಗಳನ್ನು ಪಕ್ಕದಲ್ಲಿ ಇಟ್ಟು ಹೋಲಿಸಿ ಕಲಿಯೋಕಾಯಿತು.

ಬಣ್ಣ ಕಟ್ಟುವ ವಿಧಾನವೂ ಅಷ್ಟೇ ಮುಖ್ಯ. 1942ರಲ್ಲಿ ಪ್ರಕಟಿಸಿದ ಇದನ್ನು ಇವತ್ತಿಗೂ ಲ್ಯಾಬುಗಳಲ್ಲಿ ಪ್ಯಾಪ್ ಸ್ಟೇನ್ ಅಂತಾರೆ. ಸ್ಲೈಡ್ ಹಸಿಯಾಗಿರುವಾಗಲೇ ಈಥರ್ ಮತ್ತು ಆಲ್ಕೋಹಾಲ್ ಮಿಶ್ರಣದಲ್ಲಿ ಅದ್ದಬೇಕು, ಒಣಗಿದರೆ ಜೀವಕೋಶದ ಆಕಾರ ಕೆಡುತ್ತೆ. ಹೆಮಟಾಕ್ಸಿಲಿನ್ ಕೋಶಕೇಂದ್ರಕ್ಕೆ ನೀಲಿ ಬಣ್ಣ ಕೊಡುತ್ತೆ. ಆರೆಂಜ್ ಜಿ, ಇಯೊಸಿನ್, ಲೈಟ್ ಗ್ರೀನ್ ಸುತ್ತಲಿನ ಭಾಗಕ್ಕೆ ಕಿತ್ತಳೆ, ಗುಲಾಬಿ, ಹಸಿರು. ಈ ಬಣ್ಣಗಳು ಹೆಚ್ಚಿನಂಶ ಆಲ್ಕೋಹಾಲ್‌ನಲ್ಲಿ ಕರಗಿದ್ದರಿಂದ ಜೀವಕೋಶ ಪಾರದರ್ಶಕವಾಗಿ ಉಳಿಯುತ್ತೆ. ಒಂದರ ಮೇಲೊಂದು ಬಿದ್ದಿದ್ದರೂ ಕೆಳಗಿನದರ ಕೋಶಕೇಂದ್ರ ಕಾಣುತ್ತೆ. ಇಮೇಜ್ ಪ್ರೊಸೆಸಿಂಗ್ ಓದಿದವರಿಗೆ ಕಾಂಟ್ರಾಸ್ಟ್ ಅಂದರೆ ಎಷ್ಟು ದೊಡ್ಡ ವಿಷಯ ಅಂತ ಹೇಳಬೇಕಾಗಿಲ್ಲ.

ಇನ್ನೊಂದು ಸುಧಾರಣೆ ಕೆನಡಾದ ಜೆ. ಅರ್ನೆಸ್ಟ್ ಐರ್ ಅವರಿಂದ, 1947ರಲ್ಲಿ. ಗರ್ಭಕಂಠದ ಆಕಾರಕ್ಕೆ ಸರಿಯಾಗಿ ಕೆತ್ತಿದ ಒಂದು ಮರದ ಕಡ್ಡಿ. ಅದನ್ನು ಒಂದು ಸುತ್ತು ತಿರುಗಿಸಿದರೆ ಕಾಯಿಲೆ ಶುರುವಾಗೋ ಜಾಗದಿಂದಲೇ ಜೀವಕೋಶ ಬರುತ್ತೆ. ಪಿಪೆಟ್‌ಗಿಂತ ಇದು ಸುಲಭ, ಅಗ್ಗ. ಐಸ್‌ಕ್ರೀಮ್ ಕಡ್ಡಿಯಂಥ ಈ ವಸ್ತು ಸೇರಿದ ಮೇಲೆ ಟೆಸ್ಟ್ ಯಾವ ಸಣ್ಣ ಕ್ಲಿನಿಕ್ಕಿನಲ್ಲಾದರೂ ಮಾಡುವಂಥದ್ದಾಯಿತು.

ಒಂದು ಟೆಸ್ಟ್ ಅಲ್ಲ, ಒಂದು ವ್ಯವಸ್ಥೆ

ಈ ಕಾಯಿಲೆಯ ಒಂದು ಗುಣ ಪ್ಯಾಪ್ ಟೆಸ್ಟಿಗೆ ಸಹಾಯ ಮಾಡಿತು. ಜೀವಕೋಶ ಮೊದಲು ಕೆಟ್ಟ ದಿನದಿಂದ ಪೂರ್ತಿ ಕ್ಯಾನ್ಸರ್ ಆಗೋದಕ್ಕೆ ಸಾಮಾನ್ಯವಾಗಿ ಹತ್ತು ವರ್ಷ, ಅದಕ್ಕೂ ಹೆಚ್ಚು ಹಿಡಿಯುತ್ತೆ. ಆ ನಡುವೆ ಹಿಡಿದರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯುತ್ತೆ. ಒಂದು ಸಲದ ಟೆಸ್ಟ್ ಏನೂ ಪರ್ಫೆಕ್ಟ್ ಅಲ್ಲ, ಕೆಲವನ್ನು ಬಿಟ್ಟುಬಿಡುತ್ತೆ. ಒಂದು ಲೆಕ್ಕ ಹಾಕೋಣ: ಪ್ರತಿ ಸಲ ನೂರರಲ್ಲಿ 40 ತಪ್ಪಿಹೋಗುತ್ತೆ ಅಂತಲೇ ಇಟ್ಟುಕೊಳ್ಳಿ. ಮೂರು ಸಲ ಮಾಡಿಸಿದರೆ, ಒಂದಕ್ಕೊಂದು ಸಂಬಂಧ ಇಲ್ಲ ಅನ್ನೋದಾದರೆ, ಮೂರರಲ್ಲೂ ತಪ್ಪೋದು 0.4 × 0.4 × 0.4, ಅಂದರೆ 0.064. ನೂರರಲ್ಲಿ ಆರೇಳು ಮಾತ್ರ. ನಿಜದಲ್ಲಿ ಲೆಕ್ಕ ಇಷ್ಟು ಸಲೀಸಲ್ಲ, ಆದರೆ ತತ್ವ ಇದೇ. ಸಾಧಾರಣ ಟೆಸ್ಟನ್ನು ಶಿಸ್ತಾಗಿ ಮತ್ತೆ ಮತ್ತೆ ಮಾಡಿದರೆ ಕೆಲಸ ಆಗುತ್ತೆ.

ಶಿಸ್ತು ಇಲ್ಲದಿದ್ದರೆ? ಉತ್ತರ ಯುರೋಪಿನ ದೇಶಗಳಲ್ಲಿ ಅದೂ ಗೊತ್ತಾಯಿತು. 1965ರಿಂದ 1982ರ ನಡುವೆ ಐಸ್‌ಲ್ಯಾಂಡ್‌ನಲ್ಲಿ ಇಡೀ ದೇಶದ ಹೆಂಗಸರನ್ನು ಪಟ್ಟಿ ಮಾಡಿ, ಕರೆದು ಕರೆದು ಟೆಸ್ಟ್ ಮಾಡಿದರು. ಗರ್ಭಕಂಠದ ಕ್ಯಾನ್ಸರಿನ ಸಾವು ಸುಮಾರು ಶೇ. 80ರಷ್ಟು ಇಳಿಯಿತು. ಅದೇ ಅವಧಿಯಲ್ಲಿ ನಾರ್ವೆಯಲ್ಲಿ ಬಹುಪಾಲು ಕಡೆ ಇಂಥ ವ್ಯವಸ್ಥೆ ಇರಲಿಲ್ಲ, ಬಂದವರಿಗೆ ಮಾಡಿದರು. ಅಲ್ಲಿ ಇಳಿದದ್ದು ಶೇ. 10ರಷ್ಟು ಮಾತ್ರ. ಟೆಸ್ಟ್ ಎರಡೂ ಕಡೆ ಒಂದೇ.

ಸ್ಲೈಡ್ ನೋಡೋರೂ ಬೇಕಲ್ಲ. ಒಂದು ಸ್ಲೈಡಿನಲ್ಲಿ ಹತ್ತಾರು ಸಾವಿರ ಜೀವಕೋಶ ಇರುತ್ತೆ, ಅದರಲ್ಲಿ ಕೆಟ್ಟವು ಬೆರಳೆಣಿಕೆಯಷ್ಟು. ಪಾಪಾನಿಕೊಲಾವ್ ಕಾರ್ನೆಲ್‌ನಲ್ಲಿ ತರಬೇತಿ ಶುರು ಮಾಡಿ ಸೈಟೊಟೆಕ್ನಾಲಜಿಸ್ಟ್ ಅನ್ನೋ ಹೊಸ ವೃತ್ತಿಯನ್ನೇ ಕಟ್ಟಿದರು. ಅದರಲ್ಲಿ ಬಹಳಷ್ಟು ಜನ ಹೆಂಗಸರು. ಕಣ್ಣು ಸೋಲೋ ಕೆಲಸ ಇದು. ಎಷ್ಟು ಸೋಲುತ್ತೆ ಅಂದರೆ ಮುಂದೆ ಅಮೆರಿಕದಲ್ಲಿ ಕೆಲವು ಲ್ಯಾಬುಗಳು ಒಬ್ಬರಿಂದ ವಿಪರೀತ ಸ್ಲೈಡ್ ನೋಡಿಸಿ ತಪ್ಪು ವರದಿಗಳು ಬಂದಾಗ, 1988ರ ಕಾನೂನಿನ ಅಡಿ ಒಬ್ಬರು ದಿನಕ್ಕೆ 100ಕ್ಕಿಂತ ಹೆಚ್ಚು ಸ್ಲೈಡ್ ನೋಡುವಂತಿಲ್ಲ ಅಂತ ಮಿತಿ ಹಾಕಬೇಕಾಯಿತು. ಯಂತ್ರಕ್ಕೆ ಕಲಿಸೋ ಪ್ರಯತ್ನ 1950ರ ದಶಕದಲ್ಲೇ ‘ಸೈಟೊಅನಲೈಸರ್’ ಹೆಸರಿನಲ್ಲಿ ನಡೆದು, ಸುಳ್ಳು ಎಚ್ಚರಿಕೆ ಜಾಸ್ತಿಯಾಗಿ ಕೈಬಿಟ್ಟರು. 1995ರಲ್ಲಿ ನ್ಯೂರಲ್ ನೆಟ್‌ವರ್ಕ್ ಬಳಸೋ ‘ಪ್ಯಾಪ್‌ನೆಟ್’ ಯಂತ್ರಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ಫೈನಲ್ ಇಯರ್ ಪ್ರಾಜೆಕ್ಟುಗಳಲ್ಲಿ ಪ್ರತಿವರ್ಷ ಪ್ಯಾಪ್ ಸ್ಲೈಡ್ ಕ್ಲಾಸಿಫಿಕೇಶನ್ ಮಾಡೋ ಬ್ಯಾಚುಗಳು ಇರ್ತವೆ. ಅವರು ಹಿಡಿದಿರೋ ದಾರಕ್ಕೆ ಎಪ್ಪತ್ತು ವರ್ಷದ ಹಿಂದಿನ ತುದಿ ಇದೆ.

ಕೊನೆಯ ದಿನಗಳು

1950ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. 1954ರಲ್ಲಿ ದೇಹದ ಬೇರೆ ಬೇರೆ ಅಂಗಗಳಿಂದ ಉದುರುವ ಜೀವಕೋಶಗಳ ದೊಡ್ಡ ಅಟ್ಲಾಸ್ ಪ್ರಕಟಿಸಿದರು. ಶ್ವಾಸಕೋಶ, ಮೂತ್ರಕೋಶ, ಹೊಟ್ಟೆಯ ಕ್ಯಾನ್ಸರಿಗೂ ಇದೇ ತತ್ವ ಹೊಂದುತ್ತಾ ಅಂತ ಅವರ ಹುಡುಕಾಟ ವಿಸ್ತರಿಸಿತ್ತು. ರಜೆ ಅನ್ನೋದು ಅವರ ಡಿಕ್ಷನರಿಯಲ್ಲಿ ಇರಲೇ ಇಲ್ಲ ಅಂತ ಜೊತೆಯವರು ಹೇಳ್ತಿದ್ದರು. ನೊಬೆಲ್ ಮಾತ್ರ ಸಿಗಲಿಲ್ಲ.

1961ರ ಕೊನೆಯಲ್ಲಿ, 78ನೇ ವಯಸ್ಸಿನಲ್ಲಿ, ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟೋಕೆ ಮೇರಿಯವರ ಜೊತೆ ಮಯಾಮಿಗೆ ಹೊರಟರು. ಮೂರು ತಿಂಗಳೂ ತುಂಬಲಿಲ್ಲ. 1962ರ ಫೆಬ್ರವರಿ 19ರಂದು ಹೃದಯಾಘಾತದಿಂದ ತೀರಿಕೊಂಡರು. ಆ ಸಂಸ್ಥೆಗೆ ಅವರ ಹೆಸರನ್ನೇ ಇಟ್ಟರು. ಮೇರಿ ಇನ್ನೂ ಇಪ್ಪತ್ತು ವರ್ಷ ಬದುಕಿ, ಅವರ ಕೆಲಸ ಮುಂದುವರಿಯೋ ಹಾಗೆ ನೋಡಿಕೊಂಡು 1982ರಲ್ಲಿ ತೀರಿಕೊಂಡರು. ಯುರೋ ಬರೋದಕ್ಕೆ ಮುಂಚೆ ಗ್ರೀಸ್‌ನ 10,000 ಡ್ರಾಕ್ಮಾ ನೋಟಿನ ಮೇಲೆ ಜಾರ್ಜ್ ಅವರ ಮುಖ ಇತ್ತು.

ಈ ಕ್ಯಾನ್ಸರಿಗೆ ಕಾರಣ ಏನು ಅಂತ ಅವರಿಗೆ ಕೊನೆಯವರೆಗೂ ಗೊತ್ತಿರಲಿಲ್ಲ. ಅದು ಎಚ್‌ಪಿವಿ ಅನ್ನೋ ವೈರಸ್ ಅಂತ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ 1980ರ ದಶಕದಲ್ಲಿ ತೋರಿಸಿ 2008ರಲ್ಲಿ ನೊಬೆಲ್ ಪಡೆದರು. ಈಗ ಅದಕ್ಕೆ ಲಸಿಕೆ ಇದೆ, ವೈರಸ್ಸನ್ನೇ ನೇರ ಹುಡುಕೋ ಟೆಸ್ಟ್ ಇದೆ. ಕಾರಣ ಗೊತ್ತಿಲ್ಲದೆಯೂ ಕಾಯಿಲೆಯನ್ನು ತಡೆಯಬಹುದು ಅಂತ ತೋರಿಸಿದ್ದು ಡಾ. ಪ್ಯಾಪ್.

ಕೊನೆಗೆ ನಮ್ಮ ಮಾತು. ಭಾರತದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚು ಕಾಣೋದು ಇದೇ. ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಹೊಸ ಕೇಸು. ಸ್ಲೈಡ್ ನೋಡೋ ತಜ್ಞರು ಸಾಲದ ಕಡೆ ಬಳಸಲಿ ಅಂತ ಸರ್ಕಾರಿ ಕಾರ್ಯಕ್ರಮದಲ್ಲಿ 30 ದಾಟಿದ ಹೆಂಗಸರಿಗೆ ಅಸಿಟಿಕ್ ಆಸಿಡ್ ಹಚ್ಚಿ ಬರಿಗಣ್ಣಿನಲ್ಲೇ ನೋಡೋ ಸರಳ ಪರೀಕ್ಷೆ ಇದೆ. ಪ್ಯಾಪ್ ಟೆಸ್ಟ್ ಕೂಡ ದೊಡ್ಡ ಆಸ್ಪತ್ರೆಗಳಲ್ಲಿ ಸಿಗುತ್ತೆ. ವಿಧಾನಗಳಿಗೆ ಬರ ಇಲ್ಲ. ಬರ ಇರೋದು ಮಾತಿಗೆ. ನಮ್ಮ ಮನೆಗಳಲ್ಲಿ ಅಮ್ಮ, ಅತ್ತೆ, ದೊಡ್ಡಮ್ಮ ಸೊಂಟ ನೋವು ಅಂತಷ್ಟೇ ಹೇಳ್ತಾರೆ, ಅದಕ್ಕಿಂತ ಕೆಳಗಿನ ಮಾತು ಬಾಯಿಗೆ ಬರಲ್ಲ. ಗಂಡುಮಕ್ಕಳಂತೂ ಆ ಕಡೆ ಕಿವಿಯನ್ನೇ ಕೊಡಲ್ಲ. ಮುಂದಿನ ಸಲ ರಜೆಗೆ ಊರಿಗೆ ಹೋದಾಗ, ಹುಡುಗರಾಗಲಿ ಹುಡುಗಿಯರಾಗಲಿ, ಅಮ್ಮನನ್ನು ಕೂರಿಸಿಕೊಂಡು ಈ ಟೆಸ್ಟ್ ಮಾಡಿಸಿದ್ದೀರಾ ಅಂತ ಒಂದು ಸಲ ಕೇಳಿ. ಮಾಡಿಸಿಲ್ಲ ಅಂದರೆ ಜೊತೆಗೆ ಹೋಗಿ ಮಾಡಿಸಿಕೊಂಡು ಬನ್ನಿ. ಐದು ನಿಮಿಷದ ಕೆಲಸ.